ಪಕ್ಕೆ ಹರಿದ ಟೈರು

ಫೆಬ್ರವರಿ ೯

ಮುದ್ದಿನ ಮಗಳಿಗೆ ಅಮ್ಮನ ಆಶೀರ್ವಾದಗಳು.

ದೇವರ ದಯೆಯಿಂದ ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ. ಕೈಯಲ್ಲಿ ಫೋನಿದ್ದೂ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನಿನ್ನ ಜೊತೆ ಮಾತಾಡಿದ ಹಾಗೇ ಆಗುವುದಿಲ್ಲ ಕಣೇ. ನಾನು "ಊಟ ಆಯ್ತಾ" ಅಂದರೆ ಹಿಂದಿನಿಂದ ನಿಮ್ಮತ್ತೆ "ಆಯ್ತು ಅಂತ ಹೇಳು" ಅನ್ನುತ್ತಾರೆ. "ಕಾಲು ಊದಿದ್ಯಾ" ಅಂದರೆ "ಇಲ್ಲ ಅಂತ ಹೇಳು, ದಿನಾ ಬಿಸಿನೀರಲ್ಲಿ ಇಡಿಸ್ತಿದೀನಿ ಅಂತ ಹೇಳು" ಅನ್ನುತ್ತಾರೆ. ಹೆತ್ತ ಮಗಳ ಕಾಲಿನ ಸುದ್ದಿಯನ್ನು ನಾನು ಇನ್ನೊಬ್ಬರ ಬಾಯಿಂದ ಯಾಕೆ ಕೇಳಬೇಕು? ಕಾಗದದಲ್ಲಾದರೆ ಹಿಂದೆ ನಿಂತು ಹೇಳಿಕೊಡುವವರಿಲ್ಲ. ನೀನೂ ಕಾಗದವೇ ಬರೆ.

ಇಲ್ಲಿಯ ಸುದ್ದಿ ಒಂದೇ, ಅದೂ ಗಾಡಿಯದು. ಮೊನ್ನೆ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಕೊಟ್ಟು ಬರಲು ಹೋಗಿದ್ದೆವು. ಗಂಟು ಇಳಿಸಿ ಗಾಡಿ ಹಿಂದಕ್ಕೆ ತೆಗೆಯುವಾಗ ಅವರ ಕಬ್ಬಿಣದ ಗೇಟಿನ ಚೂಪು ಮುಂದಿನ ಎಡಗಡೆಯ ಟೈರಿಗೆ ಸಿಕ್ಕಿತು. ನಿಮ್ಮಪ್ಪ ಹಿಂದೆ ನಿಂತು "ಬಾ, ಬಾ, ಬಾ" ಅನ್ನುತ್ತಲೇ ಇದ್ದರು. ಚರ್ ಅಂತ ಶಬ್ದ ಬಂದ ಮೇಲೆ "ಸಾಕು" ಅಂದರು. ನಮ್ಮ ಸಂಸಾರದಲ್ಲಿ ಅವರ "ಸಾಕು" ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ.

ಬೀದಿಯ ಕೊನೆಯಲ್ಲಿ ಪಂಕ್ಚರ್ ಹಾಕುವ ಗಾಳಿಮಾವ ಟೈರಿನ ಪಕ್ಕೆಗೆ ಹೆಬ್ಬೆರಳು ಒತ್ತಿ ನೋಡಿದ. "ಅಕ್ಕಾ, ನೆಲ ಮುಟ್ಟೋ ಕಡೆ ಮೊಳೆ ಚುಚ್ಚಿದ್ರೆ ಎಷ್ಟು ಸಲ ಬೇಕಾದ್ರೂ ಮುಚ್ಚಿಕೊಡ್ತೀನಿ. ಇದು ಪಕ್ಕೆ. ಗಾಡಿ ಭಾರ ಹೊತ್ತಾಗೆಲ್ಲ ಮಡಚಿ ಬಿಚ್ಚೋ ಜಾಗ. ಇಲ್ಲಿ ತೇಪೆ ನಿಲ್ಲಲ್ಲ. ಹೊಸದು ಹಾಕ್ಸಿಬಿಡಿ" ಅಂದ. ನನಗೂ ಸರಿ ಅನಿಸಿತು. ಈ ವಾರವೇ ಹೊಸದು ಹಾಕಿಸುತ್ತೇನೆ. ಮೇ ತಿಂಗಳಲ್ಲಿ ಹೆರಿಗೆಗೆ ನಿನ್ನನ್ನು ಕರೆದುಕೊಂಡು ಬರಲು ಇದೇ ಗಾಡಿಯಲ್ಲಿ ತಾನೇ ಬರುವವಳು ನಾನು? ನೀನು ಕೂರುವ ಸೀಟಿನ ಕೆಳಗಿನ ಚಕ್ರವೇ ಅದು.

ಬೆಳಕು ಬರುವ ಕೋಣೆಯನ್ನು ನಿನಗೆ ಅಂತ ಖಾಲಿ ಮಾಡಿಸಿದ್ದೇನೆ. ದಿನಾ ಸಂಜೆ ದೀಪ ಹಚ್ಚುವಾಗ ನಿನ್ನ ಹೆಸರು ಮೊದಲು ಹೇಳುತ್ತೇನೆ.

ಇಂತಿ,
ನಿನ್ನ ಅಮ್ಮ

*

ಫೆಬ್ರವರಿ ೧೮

ಪ್ರೀತಿಯ ಅಮ್ಮ,

ನಿನ್ನ ಕಾಗದ ಓದಿ ಅಪ್ಪನ "ಸಾಕು" ನೆನೆಸಿಕೊಂಡು ಎಷ್ಟು ನಕ್ಕೆ ಅಂದರೆ, ಒಳಗಿರುವ ಪುಟಾಣಿ ಎರಡು ಸಲ ಒದೆಯಿತು. ಅತ್ತೆಗೂ ಓದಿ ಹೇಳಿದೆ (ಟೈರಿನ ಭಾಗ ಮಾತ್ರ, ಗಾಬರಿಯಾಗಬೇಡ). ಅವರು ಕತ್ತರಿ ಕೆಳಗಿಟ್ಟು, "ಅಯ್ಯೋ, ಪಕ್ಕೆ ಹರಿದ ಟೈರು ಇಟ್ಕೊಂಡು ಒಂದು ದಿನಾನೂ ಓಡಿಸ್ಬಾರ್ದು. ಬಿಸಾಕಿ ಹೊಸದು ಹಾಕ್ಸೋಕೆ ಹೇಳು ನಿಮ್ಮಮ್ಮಂಗೆ" ಅಂದರು. ಮಾವ ಇದ್ದಾಗ ಇಲ್ಲೂ ನಮ್ಮಂಥದೇ ಗಾಡಿ ಇತ್ತಲ್ಲ, ಬ್ರೆಡ್ಡು ಸಾಗಿಸುವುದು, ಅದಕ್ಕೇ ಗೊತ್ತು ಅವರಿಗೆ. ನೀನೂ ಹೊಸದೇ ಹಾಕಿಸುತ್ತೀಯಲ್ಲ, ಇಬ್ಬರೂ ಒಂದೇ ಮಾತು ಹೇಳಿದಿರಿ ಅಂತ ನನಗೆ ಖುಷಿಯಾಯಿತು.

ನನ್ನ ಹಳೆಯ ಅಂಗಿಗಳು ಯಾವುವೂ ಹಿಡಿಸುತ್ತಿಲ್ಲ. ಅತ್ತೆ ಹೊಸ ನಿಲುವಂಗಿ ಹೊಲಿದಿದ್ದಾರೆ. ಪಕ್ಕದಲ್ಲಿ ಲಾಡಿ ಇಟ್ಟಿದ್ದಾರೆ, ತಿಂಗಳು ತಿಂಗಳು ಸಡಿಲ ಮಾಡಿಕೊಳ್ಳುತ್ತಾ ಹೋಗಬಹುದು. ನಮ್ಮನೆಯ ಕಿಟಕಿ ಹತ್ತಿರ ಅವರು ಹೊಲಿಯುತ್ತಾ ಕೂತರೆ ಆ ಯಂತ್ರದ ಸದ್ದಿಗೇ ನನಗೆ ನಿದ್ದೆ ಬಂದುಬಿಡುತ್ತದೆ. ಎಚ್ಚರವಾದಾಗ ನೋಡಿದರೆ ಅವರ ಹೆಗಲ ಮೇಲೆ ನನ್ನ ತಲೆ. ಪಾಪ, ಒಂದೇ ಕೈಯಲ್ಲಿ ಹೊಲಿಯುತ್ತಿರುತ್ತಾರೆ.

ಅಪ್ಪನ ಮಂಡಿ ನೋವು ಹೇಗಿದೆ?

ನಿನ್ನ ಮಗಳು

*

ಫೆಬ್ರವರಿ ೨೫

ಮಗಳಿಗೆ,

ಆಶೀರ್ವಾದಗಳು. ಟೈರಿಗೆ ತೇಪೆ ಹಾಕಿಸಿದೆ.

ಹೊಸದು ಹಾಕಿಸಬೇಕು ಅಂತಲೇ ಇದ್ದೆ. ನಿನ್ನ ಕಾಗದ ಬಂದ ದಿನ ಅಂಗಡಿಗೆ ಹೊರಟೂ ನಿಂತಿದ್ದೆ. ಆದರೆ ಇನ್ನು ಹೇಗೆ ಹಾಕಿಸಲಿ? ಹಾಕಿಸಿದರೆ ನಿಮ್ಮತ್ತೆ ಹೇಳಿದ್ದಕ್ಕೆ ಹಾಕಿಸಿದೆ ಅಂತಾಗುವುದಿಲ್ಲವೇ? ನನ್ನ ಗಾಡಿಗೆ ಯಾವ ಟೈರು ಹಾಕಬೇಕು ಅಂತ ಹೇಳಲು ಅಷ್ಟು ದೂರದಲ್ಲಿ ಕತ್ತರಿ ಹಿಡಿದು ಕೂತವರು ಬೇಕಾ? ಮಗಳಿಗೆ ಅಂಗಿ ಅವರೇ ಹೊಲಿದರು, ಕಾಲಿಗೆ ನೀರು ಅವರೇ ಕಾಯಿಸಿದರು, ಈಗ ಗಾಡಿಯ ಚಕ್ರವೂ ಅವರದ್ದೇ ಮಾತಿನಂತೆ ತಿರುಗಬೇಕೇನು?

ಗಾಳಿಮಾವ ಮೊದಲು ಆಗಲ್ಲ ಅಂದ. ನಾನು ಅವನ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. "ಅಕ್ಕಾ, ನೀವು ಹೀಗೆ ಕೂತ್ರೆ ಬೇರೆ ಗಿರಾಕಿ ಬರಲ್ಲ" ಅಂತ ಗೋಗರೆದ. "ತೇಪೆ ಹಾಕು, ಎದ್ದು ಹೋಗ್ತೀನಿ" ಅಂದೆ. ಕೊನೆಗೆ ಒಳಗಿಂದ ದಪ್ಪ ತೇಪೆ ಅಂಟಿಸಿ, ಹೊರಗಿಂದ ಬಿಸಿ ರಬ್ಬರು ಕೂರಿಸಿಕೊಟ್ಟ. ಕೊಡುವಾಗ, "ಇದು ನನ್ನ ಕೆಲಸ ಅಂತ ಯಾರ ಹತ್ರಾನೂ ಹೇಳ್ಬೇಡಿ" ಅಂದ. ಕೈಯಾಡಿಸಿದರೆ ಗಾಯ ಮಾಗಿದ ಹಾಗಿದೆ. ತೇಪೆ ಹಾಕಿಯೇ ಸಂಸಾರ ನಡೆಸಿದವಳು ನಾನು. ನಿನ್ನ ಶಾಲೆಯ ಚೀಲಕ್ಕೂ ತೇಪೆ ಹಾಕಿದ್ದೆ. ಆಗ ನೀನು ಬೇಡ ಅನ್ನಲಿಲ್ಲ.

ಇನ್ನೊಂದು ಮಾತು. "ನಮ್ಮನೆಯ ಕಿಟಕಿ" ಅಂತ ಬರೆದಿದ್ದೀಯ. ಮೊದಲೆಲ್ಲ "ಇವರ ಮನೆ" ಅನ್ನುತ್ತಿದ್ದೆ. ಸುಮ್ಮನೆ ಹೇಳಿದೆ.

ನಿಮ್ಮಪ್ಪನ ಮಂಡಿ ಇದ್ದ ಹಾಗೇ ಇದೆ. ಅದಕ್ಕೆ ಯಾರೂ ಬಿಸಿನೀರು ಕಾಯಿಸಿ ಕೊಡುತ್ತಿಲ್ಲ.

ನಿನ್ನ ಅಮ್ಮ

*

ಮಾರ್ಚ್ ೧೪

ಅಮ್ಮ,

ತೇಪೆಯ ವಿಷಯ ಅತ್ತೆಗೆ ಹೇಳಬಾರದಿತ್ತು, ಬಾಯಿ ತಪ್ಪಿ ಹೇಳಿಬಿಟ್ಟೆ. ಅಂದಿನಿಂದ ಅವರು ಮಂಕಾಗಿದ್ದಾರೆ. ನಿನ್ನೆ ಬೆಳಿಗ್ಗೆ ನಾನು ಡಾಕ್ಟರ ಹತ್ತಿರ ಹೋಗಿ ಬರುವಷ್ಟರಲ್ಲಿ ಲಾರಿ ಆಫೀಸಿಗೆ ಹೋಗಿ ನಿನಗೆ ಒಂದು ಟೈರು ಕಳಿಸಿ ಬಂದಿದ್ದಾರೆ. "ನಿಮ್ಮಮ್ಮನ ಗಾಡಿಗೆ ಇದೇ ಅಳತೆ. ನೆಲ ಮುಟ್ಟಿಲ್ಲ, ಹೊಚ್ಚ ಹೊಸದು" ಅಂದರು.

ದಯವಿಟ್ಟು ಹಾಕಿಸಿಕೊ. ನನಗೋಸ್ಕರ.

ನಿನ್ನ ಮಗಳು

*

ಮಾರ್ಚ್ ೩೦

ಮಗಳಿಗೆ ಆಶೀರ್ವಾದಗಳು.

ನಿಮ್ಮತ್ತೆಯ ಟೈರು ಬಂತು. ಹಳೇ ಪರದೆಯಲ್ಲಿ ಸುತ್ತಿ, ಮೇಲೆ ದಾರದಲ್ಲಿ ಹೊಲಿದೇ ಕಳಿಸಿದ್ದಾರೆ. ಹೊಲಿಗೆ ಬಿಚ್ಚಲು ನಿಮ್ಮಪ್ಪನಿಗೆ ಒಂದು ಹೊತ್ತೇ ಹಿಡಿಯಿತು. ನೋಡಿದರೆ ಕಪ್ಪಗೆ ಮಿರಮಿರ ಮಿಂಚುತ್ತಿದೆ. ಮೈತುಂಬ ರಬ್ಬರಿನ ಸಣ್ಣ ಸಣ್ಣ ಕೂದಲು ಇನ್ನೂ ಹಾಗೇ ನಿಂತಿವೆ, ಹಸುಗೂಸಿನ ತಲೆಯ ಹಾಗೆ. ಸುಳ್ಳು ಯಾಕೆ ಹೇಳಲಿ, ನನಗೆ ಅಳುವೇ ಬಂತು. ಪ್ರೀತಿಗಲ್ಲ. ಇಷ್ಟು ಒಳ್ಳೆಯದನ್ನು ಕಳಿಸಿ ನನ್ನ ಬಾಯಿ ಮುಚ್ಚಿಸಿಬಿಟ್ಟರಲ್ಲ ಅಂತ. ಆ ಸಂಜೆ ದೀಪದ ಮುಂದೆ ಕೂತರೂ ಮನಸ್ಸು ಅಂಗಳದಲ್ಲಿದ್ದ ಟೈರಿನ ಮೇಲೇ.

ಮರುದಿನ ಗಾಳಿಮಾವನ ಅಂಗಡಿಗೆ ಉರುಳಿಸಿಕೊಂಡು ಹೋದೆ. ಅವನು ಪಕ್ಕೆಯ ಮೇಲೆ ಒತ್ತಿದ್ದ ನಾಲ್ಕು ಅಂಕಿ ನೋಡಿದ, ಇನ್ನೊಮ್ಮೆ ಒರೆಸಿ ನೋಡಿದ. "ಅಕ್ಕಾ, ಇದು ತಯಾರಾಗಿ ಒಂಬತ್ತು ವರ್ಷ ಆಯ್ತು. ಓಡಿಸ್ಲಿ ಬಿಡ್ಲಿ, ರಬ್ಬರು ಒಣಗುತ್ತೆ. ಇಲ್ಲಿ ಮಡಚಿ ನೋಡಿ, ಕೂದಲೆಳೆ ಬಿರುಕು ಕಾಣುತ್ತೆ. ಭಾರ ಹೇರಿ ದೂರ ಓಡ್ಸೋಕಾಗಲ್ಲ" ಅಂದ.

ಒಂಬತ್ತು ವರ್ಷದ ಮುದುಕಿಗೆ ಹೊಸ ಹುಡುಗಿ ಅಂತ ವೇಷ ಹಾಕಿ ಕಳಿಸಿದ್ದಾರೆ ನಿಮ್ಮತ್ತೆ! ಮನೆಯಲ್ಲಿ ಬೇಡವಾದದ್ದು ಬೀಗರ ಮನೆಗೆ. ನನ್ನ ತೇಪೆ ಹಾಕಿದ ಟೈರಿಗೆ ಇದಕ್ಕಿಂತ ವಯಸ್ಸು ಕಡಿಮೆ. ನಿಮ್ಮಪ್ಪ, "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ, ಹಾಗಾಯ್ತು ನಿನ್ ಕತೆ" ಅಂದರು. ಅವರು ಯಾವತ್ತಿದ್ದರೂ ಆ ಕಡೆಯವರೇ.

ಬೀಗಿತ್ತಿಗೂ ಒಂದು ಕಾರ್ಡು ಹಾಕಿದ್ದೇನೆ. ಒಳ್ಳೆ ಮಾತಿನಲ್ಲೇ ಬರೆದಿದ್ದೇನೆ.

ನಿನ್ನ ಅಮ್ಮ

*

ಮಾರ್ಚ್ ೩೦

ಬೀಗಿತ್ತಿಯವರಿಗೆ ನಮಸ್ಕಾರಗಳು.

ತಾವು ಕಳಿಸಿದ ಟೈರು ಮುಟ್ಟಿತು. ಒಂಬತ್ತು ವರ್ಷ ಹಳೆಯದು ಅಂತ ತಿಳಿದವರು ಹೇಳಿದರು. ತಮಗೆ ಇಟ್ಟುಕೊಳ್ಳಲು ಜಾಗ ಇಲ್ಲದಿದ್ದರೆ ಮೊದಲೇ ಹೇಳಬಹುದಿತ್ತು. ಬಟ್ಟೆ ಹಳೆಯದಾದರೆ ತಿರುಗಿಸಿ ಹೊಲಿಯಬಹುದು, ರಬ್ಬರಿಗೆ ಅದು ಆಗುವುದಿಲ್ಲ. ಮಗಳನ್ನು ಮೇ ತಿಂಗಳಲ್ಲಿ ನನ್ನ ಗಾಡಿಯಲ್ಲಿ, ನನ್ನ ಟೈರಿನ ಮೇಲೇ ಕರೆದುಕೊಂಡು ಬರುತ್ತೇನೆ. ತಮಗೆ ತೊಂದರೆ ಬೇಡ. ತಮ್ಮ ವಸ್ತುವನ್ನು ಲಾರಿಯಲ್ಲಿ ವಾಪಸು ಕಳಿಸುತ್ತೇನೆ.

ಇಂತಿ,
ನನ್ನ ಮಗಳ ತಾಯಿ

*

ಏಪ್ರಿಲ್ ೮

ಅಮ್ಮ,

ಕಾರ್ಡು ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು, ಕಾರ್ಡು ಕೈಯಲ್ಲಿತ್ತು. "ಯಾರದ್ದು" ಅಂದೆ. "ನಿಮ್ಮಮ್ಮ ಚೆನ್ನಾಗಿದಾರಂತೆ" ಅಂದರು. ಅದನ್ನು ಯಂತ್ರದ ಡ್ರಾಯರಿನಲ್ಲಿ ಹಾಕಿ ಹೊಲಿಯಲು ಕೂತರು. ಅವರು ಹೊರಗೆ ಹೋದಾಗ ತೆಗೆದು ಓದಿದೆ.

ಅದು ಮಾವನ ಟೈರು ಅಮ್ಮ. ನಿನಗೆ ಹೇಳಬೇಡ ಅಂದಿದ್ದರು ಅತ್ತೆ, ಅದಕ್ಕೇ ಆಗ ಬರೆಯಲಿಲ್ಲ. ಅವರು ತೀರಿಕೊಳ್ಳುವ ಹಿಂದಿನ ವಾರ ಗಾಡಿಗೆ ಅಂತ ತಂದಿದ್ದರಂತೆ. ಹಾಕಿಸಲು ಆಗಲಿಲ್ಲ. ಆಮೇಲೆ ಗಾಡಿ ಮಾರುವಾಗ ಕೊಂಡವನು ಟೈರನ್ನೂ ಕೇಳಿದನಂತೆ, ಅತ್ತೆ ಕೊಡಲಿಲ್ಲ. ಒಂದೇ ಕಡೆ ಊರಿದರೆ ಆಕಾರ ಕೆಡುತ್ತದೆ ಅಂತ ಆಗಾಗ ತಿರುಗಿಸಿ ಇಡುತ್ತಿದ್ದರು. ನಾನು ಮದುವೆಯಾಗಿ ಬಂದ ಮೇಲೆ ಮಂಚದ ಪಕ್ಕ ಇದ್ದ ಅದನ್ನು ದಿನಾ ಒರೆಸುತ್ತಿದ್ದೆ. ಈಗ ಅಲ್ಲಿ ನೆಲದ ಮೇಲೆ ಕಪ್ಪಗೆ ಒಂದು ಗುರುತು ಉಳಿದಿದೆ, ಅಷ್ಟೇ.

ಅವರಿಗೆ ಒಂದೇ ಒಂದು ಟೈರು ಇತ್ತು, ಅದನ್ನು ನಿನಗೆ ಕೊಟ್ಟರು. ನಾನು ಆ ಸೀಟಿನಲ್ಲಿ ಕೂರುತ್ತೇನೆ ಅಂತ.

ಮೇ ತಿಂಗಳಲ್ಲಿ ಬರಬೇಡ ಅಮ್ಮ. ನಾನು ಇಲ್ಲೇ ಇರುತ್ತೇನೆ. ಹೆರಿಗೆ ಇಲ್ಲೇ ಆಗಲಿ.

ನಿನ್ನ ಮಗಳು

*

ಏಪ್ರಿಲ್ ೧೦

ಬೀಗಿತ್ತಿಯವರಿಗೆ,

ನಿಮ್ಮ ಕಾರ್ಡು ನಮ್ಮ ಸೊಸೆ ಕದ್ದು ಓದಿದ್ದಾಳೆ. ನಾನು ಇಟ್ಟ ರೀತಿಯೇ ಬೇರೆ, ಅವಳು ಇಟ್ಟ ರೀತಿಯೇ ಬೇರೆ. ನಿಮಗೂ ಬಿರುಸಾಗಿಯೇ ಬರೆದಿರುತ್ತಾಳೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಏಳು ತಿಂಗಳ ಬಸುರಿಯ ಕೋಪ ಅದು.

ರಬ್ಬರಿಗೂ ವಯಸ್ಸಾಗುತ್ತದೆ ಅಂತ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ನೆಲ ಮುಟ್ಟದ್ದು ಹೊಸದಾಗಿಯೇ ಇರುತ್ತದೆ ಅಂದುಕೊಂಡಿದ್ದೆ. ತಿಳಿಸಿದ್ದು ಒಳ್ಳೆಯದಾಯಿತು. ನಿಮ್ಮ ಮಾತಿನ ಹೊಲಿಗೆ ಸ್ವಲ್ಪ ಬಿಗಿಯಾಯಿತು, ಆದರೆ ಅಳತೆ ತಪ್ಪಿರಲಿಲ್ಲ.

ನೀವು ಮನಸ್ಸಿನಲ್ಲಿದ್ದದ್ದನ್ನು ಬರೆದಿರಿ, ನಾನೂ ಬರೆಯುತ್ತೇನೆ. ನಿಮ್ಮ ಮಗಳನ್ನು ಕಿತ್ತುಕೊಂಡವಳು ನಾನು ಅಂತ ನಿಮಗೆ ಅನಿಸುತ್ತದೆ. ನನ್ನ ಬೀರು ತೆಗೆದು ನೋಡಿ ಒಂದು ದಿನ. ನಾನು ಹಾಸಿಗೆ ಬಟ್ಟೆಗೆ ಮೊದಲಿನಿಂದಲೂ ಮೂರು ಮಡಿಕೆ ಹಾಕುವವಳು. ಈಗ ಎಲ್ಲವೂ ನಾಲ್ಕು ಮಡಿಕೆ, ಅಂಚು ಒಳಗೆ. "ನಮ್ಮಮ್ಮ ಹೀಗೇ ಮಡಚೋದು ಅತ್ತೆ" ಅನ್ನುತ್ತಾಳೆ. ನಾನು ಮಾಡಿದ ಸಾರು ಉಂಡು "ಚೆನ್ನಾಗಿದೆ" ಅನ್ನುತ್ತಾಳೆ. ಅನ್ನುವ ಮುಂಚೆ ಒಂದು ಗಳಿಗೆ ತಡೆಯುತ್ತಾಳೆ ನೋಡಿ, ಆ ಗಳಿಗೆಯಲ್ಲಿ ನೀವಿರುತ್ತೀರಿ. ಮೊನ್ನೆ ಸೊಂಟ ಹಿಡಿದುಕೊಂಡಿತು, "ಅಮ್ಮಾ" ಅಂದಳು. ಓಡಿ ಹೋದವಳು ನಾನು. ಅವಳು ಕರೆದದ್ದು ನನ್ನನ್ನಲ್ಲ.

ನನಗೆ ಹೊಟ್ಟೆ ಉರಿಯುವುದಿಲ್ಲ ಅಂತ ತಿಳಿಯಬೇಡಿ.

ಹೆರಿಗೆ ನಿಮ್ಮಲ್ಲೇ ಆಗಲಿ. ಅವಳನ್ನು ನಾನು ಒಪ್ಪಿಸುತ್ತೇನೆ. ಆದರೆ ತೇಪೆ ಹಾಕಿದ ಟೈರಿನ ಮೇಲೆ ಅವಳನ್ನು ಕೂರಿಸಿ ಕಳಿಸುವುದಿಲ್ಲ. ನನ್ನ ಟೈರೂ ಬೇಡ. ನಿಮ್ಮ ಕೈಯಾರೆ ಹೊಸದು ತಂದು ಹಾಕಿಸಿ. ಯಾರು ಹೇಳಿದ್ದಕ್ಕೆ ಹಾಕಿಸಿದಿರಿ ಅಂತ ನಾನು ಎಲ್ಲಿಯೂ ಹೇಳುವುದಿಲ್ಲ.

ಇಂತಿ,
ನಿಮ್ಮ ಬೀಗಿತ್ತಿ

*

ಏಪ್ರಿಲ್ ೨೬

ಅಮ್ಮ,

ಕಾಗದವೂ ಇಲ್ಲ, ಫೋನೂ ಎತ್ತುತ್ತಿಲ್ಲ. ಅಪ್ಪನಿಗೆ ಮಾಡಿದರೆ "ನಿಮ್ಮಮ್ಮ ಗಾಡಿ ತೊಳೀತಿದಾಳೆ" ಅನ್ನುತ್ತಾರೆ. ಯಾವಾಗ ಮಾಡಿದರೂ ಗಾಡಿಯನ್ನೇ ತೊಳೆಯುತ್ತೀಯಾ? ಅತ್ತೆ ನಿನಗೆ ಏನೋ ಬರೆದರಂತೆ, ಏನು ಅಂತ ಕೇಳಿದರೆ "ಅದು ನಮ್ಮಿಬ್ಬರದ್ದು" ಅಂತಾರೆ. ಯಾವಾಗಿನಿಂದ ನೀವಿಬ್ಬರು?

ಮಗಳು

*

ಮೇ ೨

ಬೀಗಿತ್ತಿಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಕೈ ಬರಲಿಲ್ಲ. ಬರೆದು ಬರೆದು ಹರಿದೆ. ನಾನು ಓದಿದ್ದು ಊರಿನ ಶಾಲೆಯಲ್ಲಿ. ಬೈಯಲು ಬೇಕಾದ ಮಾತೆಲ್ಲ ಅಲ್ಲೇ ಕಲಿತೆ, ಇದಕ್ಕೆ ಬೇಕಾದ ಮಾತು ಕಲಿಸಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಗಳ ಕಾಗದ ಬಂದ ಮರುದಿನವೇ ನಿಮ್ಮ ಟೈರನ್ನು ಗಾಡಿಗೆ ಹಾಕಿಕೊಂಡು ಹೊರಟೆ. ಮೊದಲು ಆಸ್ಪತ್ರೆಗೆ ಬಟ್ಟೆ ಕೊಡುವುದು, ಆಮೇಲೆ ಲಾರಿ ಆಫೀಸು. ನಿಮ್ಮವರ ಟೈರು ಅಂತ ತಿಳಿದ ಮೇಲೆ ಅದು ನನ್ನ ಅಂಗಳದಲ್ಲಿ ಇರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ನಿಮ್ಮ ಬೀಗರಿಗೆ ಮಂಡಿ ನೋವು, ಮನೆಯಲ್ಲೇ ಬಿಟ್ಟಿದ್ದೆ. ಪಕ್ಕದ ಸೀಟು ಖಾಲಿ.

ದೊಡ್ಡ ರಸ್ತೆಗೆ ತಿರುಗುವ ಕಡೆ ಢಂ ಅಂತು. ಸ್ಟೀರಿಂಗು ನನ್ನ ಕೈಯಿಂದ ಕಿತ್ತುಕೊಂಡ ಹಾಗಾಯಿತು. "ದೇವರೇ" ಅಂತ ಬ್ರೇಕು ಒತ್ತಿದೆ. ಗಾಡಿ ಎಡಕ್ಕೆ ವಾಲಿ ಕಲ್ಲಿನ ಕಟ್ಟೆಗೆ ಒರಗಿ ನಿಂತಿತು. ನನಗೆ ಏನೂ ಆಗಲಿಲ್ಲ. ಆದರೆ ಎಡಗಡೆಯ ಬಾಗಿಲು ಒಳಕ್ಕೆ ಬಂದು ಸೀಟಿಗೆ ತಾಗಿತ್ತು. ಅವಳು ಕೂರುವ ಸೀಟಿಗೆ. ತೇಪೆ ಹಾಕಿದ ಕಡೆಯೇ ಪಕ್ಕೆ ಬಾಯಿ ಬಿಟ್ಟಿತ್ತು.

ರಸ್ತೆ ಬದಿಯಲ್ಲಿ ಕೂತುಬಿಟ್ಟೆ. ದೇವರು ನನಗೆ ಬೈಯಬೇಕಾದಾಗ ನಾಲ್ಕು ಜನರ ಎದುರು ಬೈಯುವುದಿಲ್ಲ, ಒಬ್ಬಳೇ ಇರುವಾಗ ಬೈಯುತ್ತಾನೆ. ಅವನ ದೊಡ್ಡತನ ಅದು.

ಸ್ಟೆಪ್ನಿ ಇಟ್ಟರೆ ಎರಡು ಗಂಟು ಬಟ್ಟೆ ಕಡಿಮೆ ಹಿಡಿಸುತ್ತದೆ ಅಂತ ನಾನು ಅದನ್ನು ಯಾವಾಗಲೂ ಮನೆಯಲ್ಲೇ ಬಿಡುವುದು. ಗಾಳಿಮಾವನಿಗೆ ಫೋನು ಮಾಡಿದೆ, ಗಾಬರಿಯಲ್ಲಿ ಅದನ್ನು ತರಲು ಹೇಳುವುದೇ ಮರೆತೆ. ಸೈಕಲ್ಲಿನಲ್ಲಿ ಸಾಮಾನು ಕಟ್ಟಿಕೊಂಡು ಬಂದ. ಬಾಯಿ ಬಿಟ್ಟ ಪಕ್ಕೆಗೆ ಹೆಬ್ಬೆರಳು ಒತ್ತಿ ನೋಡಿದ. "ಟೈರು ಎಲ್ಲಿಂದ ತರೋದು ಈಗ" ಅಂತ ನಾನು ಗೋಳಾಡಿದರೆ, ಗಾಡಿಯೊಳಗೆ ಇಣುಕಿ ನೋಡಿ, "ಏನಕ್ಕಾ, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ!" ಅಂದ. ನಿಮ್ಮ ಟೈರು ಬಟ್ಟೆಯ ಗಂಟುಗಳ ನಡುವೆ ಕೂತಿತ್ತು. "ಭಾರ ಎಲ್ಲ ಇಳಿಸಿ, ಮೆಲ್ಲಗೆ ಹೋದ್ರೆ ಮನೆ ತನಕ ಖಂಡಿತ ತಲುಪಿಸುತ್ತೆ" ಅಂದ.

ಅದನ್ನೇ ಹಾಕಿದೆವು ಬೀಗಿತ್ತಿ. ಗಂಟುಗಳನ್ನು ತಳ್ಳುಗಾಡಿಯಲ್ಲಿ ಕಳಿಸಿ, ನಡೆಯುವವರು ನನ್ನನ್ನು ದಾಟಿ ಹೋಗುವಷ್ಟು ನಿಧಾನವಾಗಿ ಓಡಿಸಿಕೊಂಡು ಬಂದೆ. ನಿಮ್ಮವರು ತಂದ ಟೈರು ಒಂಬತ್ತು ವರ್ಷದ ಮೇಲೆ ರಸ್ತೆ ಕಂಡಿತು. ದಾರಿಯುದ್ದಕ್ಕೂ ಅವರನ್ನೇ ನೆನೆದೆ. ಮದುವೆಗೆ ಮುಂಚೆಯೇ ಹೋದವರು, ನಾನು ಮುಖ ನೋಡಿದವಳಲ್ಲ. ಮನೆಗೆ ಬಂದರೆ ಬಾಗಿಲ ಸಂದಿಯಲ್ಲಿ ನಿಮ್ಮ ಕಾಗದ ಇತ್ತು. ಗಾಡಿಯ ಪಕ್ಕ ನಿಂತೇ ಓದಿದೆ.

ಬಾಗಿಲು ಸರಿ ಮಾಡಿಸಿದ್ದೇನೆ. ಹೊಸ ಟೈರು ಹಾಕಿಸಿದ್ದೇನೆ. ನಾನು ಒಂದೇ ಸಾಕು ಅಂದೆ, ಗಾಳಿಮಾವ ಒಪ್ಪಲಿಲ್ಲ. ಮುಂದಿನ ಚಕ್ರಗಳಲ್ಲಿ ಒಂದು ಹೊಸದು ಒಂದು ಸವೆದದ್ದು ಇದ್ದರೆ ಗಾಡಿ ಒಂದೇ ಕಡೆ ಎಳೆಯುತ್ತದಂತೆ, ಜೋಡಿಯೇ ಹಾಕಬೇಕಂತೆ. ಜೋಡಿಯೇ ಹಾಕಿಸಿದೆ. ಸ್ಟೆಪ್ನಿಯನ್ನೂ ಒಳಗೆ ಇಟ್ಟಿದ್ದೇನೆ, ಎರಡು ಗಂಟು ಹೋದರೆ ಹೋಗಲಿ.

ಈಗ ಕೇಳಿ. ಹದಿನೈದನೇ ತಾರೀಖು ಬರುತ್ತೇನೆ. ಮಗಳನ್ನು ಮಾತ್ರ ಅಲ್ಲ, ನಿಮ್ಮನ್ನೂ ಕರೆದುಕೊಂಡು ಬರುತ್ತೇನೆ. ಅವಳು "ಅಮ್ಮಾ" ಅಂದಾಗ ಯಾರು ಮೊದಲು ಓಡುತ್ತಾರೋ ನೋಡಿಯೇ ಬಿಡೋಣ. ಅವಳ ಕೋಣೆಯ ಕಿಟಕಿ ಹತ್ತಿರ ನಿಮ್ಮ ಯಂತ್ರಕ್ಕೆ ಜಾಗ ಮಾಡಿದ್ದೇನೆ. ಬೀಗಿತ್ತಿ ಅಂತ ಕೂರಿಸಿ ಉಪಚಾರ ಮಾಡುತ್ತೇನೆ ಅಂದುಕೊಳ್ಳಬೇಡಿ. ಅಂಚು ಕಿತ್ತ ಹಾಸಿಗೆ ಬಟ್ಟೆ ರಾಶಿ ಬಿದ್ದಿದೆ. ಹೊಲಿದು ಮೂರು ಮಡಿಕೆ ಹಾಕಿದರೂ ನಾನು ಏನೂ ಅನ್ನುವುದಿಲ್ಲ. ನೀವು ಆ ಕಡೆ ಹೋದ ಮೇಲೆ ನಾಲ್ಕು ಮಾಡಿಕೊಳ್ಳುತ್ತೇನೆ.

ನಿಮ್ಮ ಟೈರನ್ನು ಸೋಪಿನ ನೀರಿನಲ್ಲಿ ತೊಳೆದು, ಬಿಳೀ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಬರುವಾಗ ತಂದು ಅದರ ಗುರುತಿನ ಮೇಲೇ ಇಟ್ಟುಕೊಡುತ್ತೇನೆ. ನೆಲ ಮುಟ್ಟುವ ಕಡೆ ರಬ್ಬರಿನ ಕೂದಲು ಸವೆದುಹೋಗಿದೆ, ಪಕ್ಕೆಯಲ್ಲಿ ಇನ್ನೂ ಇದೆ. ಅಷ್ಟಕ್ಕೆ ಕ್ಷಮೆ ಇರಲಿ.

ಗಾಡಿಯ ಮುಂದೆ ಮೂವರು ಕೂರಬಹುದು. ಕಿಟಕಿ ಪಕ್ಕ ಅವಳು, ಗಾಳಿ ಬೇಕು ಅವಳಿಗೆ. ನಡುವೆ ನೀವು. ಗೇರಿಗೆ ಮಂಡಿ ತಾಗಿಸಬೇಡಿ. ದಾರಿ ಉದ್ದ, ಗಾಡಿ ಹೊರಟು ಸ್ವಲ್ಪ ಹೊತ್ತಿಗೇ ಅವಳು ನಿಮ್ಮ ಹೆಗಲಿಗೆ ಒರಗಿ ನಿದ್ದೆ ಹೋಗುತ್ತಾಳೆ, ನನಗೆ ಗೊತ್ತು. ಹೋಗಲಿ. ಗಾಡಿ ಓಡಿಸುವವಳು ಪಕ್ಕಕ್ಕೆ ನೋಡಬಾರದು. ನಾನು ರಸ್ತೆ ನೋಡುತ್ತಿರುತ್ತೇನೆ.

ಇಂತಿ,
ನಿಮ್ಮ ಸೊಸೆಯ ತಾಯಿ